ಸಾಕು ಅನ್ನಬೇಕಾದವರು ಯಾರು?

ನಮ್ಮ ಮನೆಯ ಜಗಲಿಯಲ್ಲಿ ಒಂದು ಸೈಕಲ್ ನಿಂತಿರುತ್ತದೆ. ದೂರದಿಂದ ನೋಡಿದರೆ ಮುಂದೆ ಬುಟ್ಟಿ ಇರುವ, ಹೆಂಗಸರು ಓಡಿಸುವ ಸಾಧಾರಣ ಹಳೆಯ ಸೈಕಲ್ಲೇ. ಹತ್ತಿರ ಬಂದರೆ ಹಿಂದಿನ ಚಕ್ರದ ನಡುವೆ ಒಗ್ಗರಣೆ ಡಬ್ಬಿಯಷ್ಟು ದಪ್ಪನೆಯ ಮೋಟಾರು, ಕ್ಯಾರಿಯರಿನ ಕೆಳಗೆ ಬೀಗ ಹಾಕಿದ ಬ್ಯಾಟರಿ ಪೆಟ್ಟಿಗೆ ಕಾಣುತ್ತವೆ. ಇದನ್ನು ಹೀಗೆ ಜೋಡಿಸಿದವನು ನನ್ನ ಮಗ. ಓಡಿಸುವವಳು ಸೊಸೆ. ಹಣ ಕೊಟ್ಟವಳು ನಾನು. ಮೂವತ್ತು ವರ್ಷ ಪಾಠ ಹೇಳಿದ ನನಗೆ ಈ ಸೈಕಲ್ಲು ಒಂದು ಪಾಠ ಹೇಳಿತು. ಬರೆಯಲು ಸ್ವಲ್ಪ ಸಂಕೋಚವೇ ಆಗುತ್ತದೆ. ಆದರೂ ಅತ್ತೆಯಾದವರು, ಸೊಸೆಯಾದವರು, ಎರಡೂ ಆದವರು ಓದಲಿ ಎಂದು ಬರೆಯುತ್ತಿದ್ದೇನೆ.

ನನ್ನ ಸೊಸೆ ನಮ್ಮ ಸಾಗರದಿಂದ ಒಂಬತ್ತು ಕಿಲೋಮೀಟರು ದೂರದ ಹಳ್ಳಿಯೊಂದರ ಪ್ರೌಢಶಾಲೆಯಲ್ಲಿ ಅತಿಥಿ ಶಿಕ್ಷಕಿ. ಸಂಬಳ ಅಷ್ಟಕ್ಕಷ್ಟೆ. ಸ್ಕೂಟರಿಗೆ ಸಾಲ ಮಾಡುವುದು ಬೇಡ ಎಂದು ಅವಳೇ ಅಂದಿದ್ದಳು. ಬಸ್ಸಿದೆಯಲ್ಲ ಎಂದು ನೀವು ಕೇಳಬಹುದು. 2023ರ ಜೂನ್ ತಿಂಗಳಲ್ಲಿ ಶಕ್ತಿ ಯೋಜನೆ ಬಂದು ನಾವು ಹೆಂಗಸರು ಸರಕಾರಿ ಬಸ್ಸಿನಲ್ಲಿ ಟಿಕೆಟಿನ ಹಣ ಕೊಡಬೇಕಿಲ್ಲ ಎಂದಾಯಿತು, ನಿಜ. ಆದರೆ ಬಸ್ಸು ಬರಬೇಕಲ್ಲ! ಆ ದಾರಿಯ ಬಸ್ಸು ಬೆಳಿಗ್ಗೆ ಏಳಕ್ಕೆ ಒಂದು, ಹತ್ತೂವರೆಗೆ ಇನ್ನೊಂದು. ಶಾಲೆ ಶುರುವಾಗುವುದು ಅವೆರಡರ ನಡುವೆ.

ಆ ವರ್ಷದ ಬೇಸಿಗೆ ರಜೆಯಲ್ಲಿ ಮಗ ಹಿತ್ತಿಲಿನ ಕೊಟ್ಟಿಗೆಯಿಂದ ನನ್ನ ಹಳೆಯ ಸೈಕಲ್ ಹೊರಗೆ ತೆಗೆದ. 1996ರಲ್ಲಿ ನಾನು ಕೊಂಡದ್ದು. ಎಲೆಕ್ಟ್ರಿಕಲ್ ಡಿಪ್ಲೊಮಾ ಮಾಡಿದ ಹುಡುಗ. ಕೈ ಸುಮ್ಮನಿರುವುದಿಲ್ಲ. "ಅಮ್ಮ, ಇದಕ್ಕೇ ಮೋಟಾರು ಹಾಕಿಬಿಡುತ್ತೇನೆ" ಎಂದ. ಊಟದ ಹೊತ್ತಿಗೆ ಕಾಗದ ಪೆನ್ನು ಹಿಡಿದು ಕೂತು, ಬಿ.ಎ. ಓದಿದ ತಾಯಿಗೆ ತಿಳಿಯುವ ಹಾಗೆ ವಿವರಿಸಿದ.

ಅವನ ಪ್ರಕಾರ ಇಂಥ ಸೈಕಲ್ಲಿನಿಂದ ಜನ ಮೂರು ವಸ್ತು ಬಯಸುತ್ತಾರೆ. ವೇಗ ಬೇಕು, ಒಮ್ಮೆ ಚಾರ್ಜು ಮಾಡಿದರೆ ಬಹಳ ದೂರ ಹೋಗಬೇಕು, ಬ್ಯಾಟರಿಗೆ ಹಣ ಕಡಿಮೆ ಆಗಬೇಕು. ಮೂರೂ ಒಟ್ಟಿಗೆ ಸಿಗುವುದಿಲ್ಲ. ಎರಡನ್ನು ಹಿಡಿದರೆ ಮೂರನೆಯದು ಕೈ ಜಾರುತ್ತದೆ. ಬ್ಯಾಟರಿಯ ಮೇಲೆ ಬರೆದಿರುವ ವೋಲ್ಟನ್ನೂ ಆಂಪಿಯರ್-ಗಂಟೆಯನ್ನೂ ಗುಣಿಸಿದರೆ ವಾಟ್-ಗಂಟೆ ಸಿಗುತ್ತದೆ. ಅದೇ ಬ್ಯಾಟರಿಯ ಹೊಟ್ಟೆಯ ಅಳತೆ. 36 ವೋಲ್ಟಿನ 7.5 ಆಂಪಿಯರ್-ಗಂಟೆಯದಾದರೆ 270 ವಾಟ್-ಗಂಟೆ. 15 ಆಂಪಿಯರ್-ಗಂಟೆಯದಾದರೆ ಎರಡರಷ್ಟು, 540. ಪೆಟ್ಟಿಗೆಯ ಒಳಗೆ ಇರುವುದು ಟಾರ್ಚಿನ ಸೆಲ್ಲಿನಂಥ, ಹದಿನೆಂಟು ಮಿಲಿಮೀಟರು ದಪ್ಪದ, ಅರವತ್ತೈದು ಮಿಲಿಮೀಟರು ಉದ್ದದ ಲಿಥಿಯಂ ಸೆಲ್ಲುಗಳು. ಚಿಕ್ಕದರಲ್ಲಿ ಮೂವತ್ತು, ದೊಡ್ಡದರಲ್ಲಿ ಅರವತ್ತು. ಸೆಲ್ಲು ಹೆಚ್ಚಿದಷ್ಟೂ ಬೆಲೆ ಹೆಚ್ಚುತ್ತದೆ. ನಮಗೆ ಹೇಳಿದ ಬೆಲೆ ಚಿಕ್ಕದಕ್ಕೆ ಒಂಬತ್ತು ಸಾವಿರ, ದೊಡ್ಡದಕ್ಕೆ ಹದಿನೇಳು ಸಾವಿರ. ಮೋಟಾರು, ತಂತಿ, ಮಿಕ್ಕ ಸಾಮಾನು ಎಲ್ಲ ಸೇರಿದರೂ ದೊಡ್ಡ ಬ್ಯಾಟರಿಯ ಬೆಲೆ ಆಗುತ್ತಿರಲಿಲ್ಲ.

ಮಗನಿಗೆ ವೇಗದ ಹುಚ್ಚು. ಇನ್ನೂ ದೊಡ್ಡ ಮೋಟಾರು ಹಾಕಿದರೆ ಗಂಟೆಗೆ ನಲವತ್ತು ಕಿಲೋಮೀಟರು ಓಡಿಸಬಹುದು ಎಂದ. ಅದರ ಬೆಲೆ ಏನು ಎಂದು ಕೇಳಿದೆ. ಅವನು ಪ್ರಾಮಾಣಿಕವಾಗಿ ಹೇಳಿದ. ನಿಧಾನವಾಗಿ ಹೋಗುವವರಿಗೆ ಗಾಳಿ ಅಡ್ಡಿ ಮಾಡುವುದಿಲ್ಲ. ಜೋರಾಗಿ ಹೋಗುವವರನ್ನು ಅದು ಹಿಂದಕ್ಕೆ ತಳ್ಳುತ್ತದೆ. ಬಸ್ಸಿನ ಕಿಟಕಿಯಿಂದ ಕೈ ಹೊರಗೆ ಹಾಕಿದವರಿಗೆ ಇದು ಗೊತ್ತು. ವೇಗ ಎರಡು ಪಟ್ಟಾದರೆ ಗಾಳಿಯ ತಡೆ ನಾಲ್ಕು ಪಟ್ಟಾಗುತ್ತದೆ. ಇಪ್ಪತ್ತೈದರಿಂದ ನಲವತ್ತಕ್ಕೆ ಏರಿದರೆ ಎರಡೂವರೆ ಪಟ್ಟು. ಅಂದರೆ ವೇಗವಾಗಿ ಹೋದವರಿಗೆ ಅದೇ ಬ್ಯಾಟರಿ ಬೇಗ ಮುಗಿಯುತ್ತದೆ. ಕಾನೂನೂ ಒಂದಿದೆ. ಮೋಟಾರಿನ ಶಕ್ತಿ 250 ವಾಟಿಗಿಂತ ಕಡಿಮೆ, ವೇಗ ಗಂಟೆಗೆ 25 ಕಿಲೋಮೀಟರಿಗಿಂತ ಕಡಿಮೆ, ಬ್ಯಾಟರಿ ಬಿಟ್ಟು ತೂಕ 60 ಕಿಲೋ ಒಳಗೆ ಇದ್ದರೆ ಅದನ್ನು ಮೋಟಾರು ವಾಹನ ಎಂದು ಎಣಿಸುವುದಿಲ್ಲ. ದಾಟಿದರೆ ನೋಂದಣಿ, ಲೈಸೆನ್ಸು, ವಿಮೆ ಎಲ್ಲ ಬೇಕು. "ನನ್ನ ಹಳೆಯ ಸೈಕಲ್ಲಿನ ಬ್ರೇಕು ನಲವತ್ತಕ್ಕೆ ನಿಲ್ಲುತ್ತದೆಯೇನೋ?" ಎಂದು ಕೇಳಿದೆ. ಅವನು ನಕ್ಕು ಸುಮ್ಮನಾದ. ವೇಗದ ಮಾತು ಅಲ್ಲಿಗೆ ಮುಗಿಯಿತು.

ಉಳಿದದ್ದು ದೂರ ಮತ್ತು ಹಣ. ಇಲ್ಲಿ ನಾನು ಮೇಷ್ಟ್ರಮ್ಮನಾದೆ. ಹೋಗಲು ಒಂಬತ್ತು, ಬರಲು ಒಂಬತ್ತು, ಒಟ್ಟು ಹದಿನೆಂಟು. ಸ್ವಲ್ಪ ಪೆಡಲು ತುಳಿಯುತ್ತಾ ಹೋದರೆ ಕಿಲೋಮೀಟರಿಗೆ ಸುಮಾರು ಹನ್ನೆರಡು ವಾಟ್-ಗಂಟೆ ಖರ್ಚು ಎಂದು ಮಗ ಹೇಳಿದ್ದ. 270ನ್ನು ಹನ್ನೆರಡರಿಂದ ಭಾಗಿಸಿದೆ. ಇಪ್ಪತ್ತೆರಡೂವರೆ ಬಂತು. "ನಾಲ್ಕು ಕಿಲೋಮೀಟರು ಮೇಲೆಯೇ ಉಳಿಯುತ್ತದೆ. ಚಿಕ್ಕದು ಸಾಕು. ಎಂಟು ಸಾವಿರ ಸುಮ್ಮನೆ ಯಾಕೆ ಸುರಿಯಬೇಕು? ಹಾಸಿಗೆ ಇದ್ದಷ್ಟು ಕಾಲು ಚಾಚಬೇಕು" ಎಂದೆ. ಹಣ ನನ್ನ ಚೀಟಿಯದು, ಲೆಕ್ಕವೂ ನನ್ನದು, ಗಾದೆಯೂ ನನ್ನದು.

ಇದೆಲ್ಲ ನಡೆಯುವಾಗ ಸೊಸೆ ಅಲ್ಲೇ ಕೂತು ಹುರುಳಿಕಾಯಿ ಬಿಡಿಸುತ್ತಿದ್ದಳು. ಕೊನೆಯಲ್ಲಿ ನಾನು ಅವಳ ಕಡೆ ತಿರುಗಿ, "ಏನೇ, ಸರಿಯಲ್ಲವೇ?" ಎಂದೆ. "ನಿಮಗೆ ಸರಿ ಕಂಡದ್ದು ಮಾಡಿ ಅತ್ತೆ" ಎಂದಳು. ಅದನ್ನು ನಾನು ಒಪ್ಪಿಗೆ ಎಂದುಕೊಂಡೆ. ಕೇಳಿದ ರೀತಿಯಲ್ಲೇ ಉತ್ತರವನ್ನೂ ಹೇಳಿಬಿಟ್ಟಿದ್ದೆ ಎಂಬುದು ಆಗ ಹೊಳೆಯಲಿಲ್ಲ.

ಮೊದಲ ವರ್ಷ ಎಲ್ಲ ಚೆನ್ನಾಗಿಯೇ ನಡೆಯಿತು. ಮಳೆಗಾಲದಲ್ಲಿ ತಂತಿ ಸೇರುವ ಕಡೆಗಳಿಗೆ ಮಗ ನೀರು ಇಳಿಯದ ಹಾಗೆ ರಬ್ಬರು ಸುತ್ತಿದ. ರಾತ್ರಿ ಹಾಲಿಗೆ ಹೆಪ್ಪು ಹಾಕುವ ಹೊತ್ತಿಗೆ ಬ್ಯಾಟರಿಯನ್ನೂ ಚಾರ್ಜಿಗೆ ಹಾಕುವುದು ಅಭ್ಯಾಸವಾಯಿತು. ಮಲಗುವ ಮುಂಚೆ ಅದನ್ನು ತೆಗೆಯುತ್ತಿದ್ದೆವು. ಕರೆಂಟಿನ ಬಿಲ್ಲಿನಲ್ಲಿ ವ್ಯತ್ಯಾಸ ಕಂಡದ್ದೇ ಕಡಿಮೆ. ಶಾಲೆಯ ಸ್ಟಾಫ್ ರೂಮಿನಲ್ಲಿ ನಾನು ಜಂಬದಿಂದ ಹೇಳಿಕೊಳ್ಳುತ್ತಿದ್ದೆ, "ನಮ್ಮ ಸೊಸೆಯನ್ನು ಯಾರ ಹಂಗೂ ಇಲ್ಲದ ಹಾಗೆ ಮಾಡಿದ್ದೇನೆ" ಎಂದು.

2024ರ ಸೆಪ್ಟೆಂಬರಿನಲ್ಲಿ ಒಂದು ಸಂಜೆ ಅವಳು ಬರುವ ಹೊತ್ತಾಯಿತು, ಬರಲಿಲ್ಲ. ಆರಾಯಿತು, ಆರೂವರೆ ಆಯಿತು. ಫೋನು ಹತ್ತಲಿಲ್ಲ. ಮಗ ಕೆಲಸದ ಮೇಲೆ ಶಿವಮೊಗ್ಗಕ್ಕೆ ಹೋಗಿದ್ದ. ನಮ್ಮ ಮನೆಯವರು ಟಾರ್ಚು ಹಿಡಿದು ರಸ್ತೆಗೆ ಹೊರಟರು. ಏಳೂಕಾಲಿಗೆ ಗೇಟಿನ ಸದ್ದಾಯಿತು. ಸೈಕಲ್ ತಳ್ಳಿಕೊಂಡು ಬಂದಿದ್ದಳು. ಸೀರೆಯ ಅಂಚು ಕೆಸರು, ಮುಖದಲ್ಲಿ ಬೆವರು. ಊರು ಎರಡು ಕಿಲೋಮೀಟರು ಇರುವಾಗ ದೊಡ್ಡ ಏರಿನಲ್ಲಿ ಬ್ಯಾಟರಿ ಪೂರ್ತಿ ನಿಂತುಹೋಗಿತ್ತಂತೆ. ಮೋಟಾರು, ಬ್ಯಾಟರಿ ಸೇರಿ ಭಾರವಾದ ಸೈಕಲ್ಲನ್ನು ಕತ್ತಲೆಯಲ್ಲಿ ಏರು ಹತ್ತಿಸಿದ್ದಳು.

ನಾನು ಕೇಳಿದ ಮೊದಲ ಪ್ರಶ್ನೆ ಏನು ಗೊತ್ತೆ? "ಹೇಗೆ ಬಂದೆ?" ಎಂದಲ್ಲ, "ಪೆಟ್ಟಾಯಿತೇ?" ಎಂದೂ ಅಲ್ಲ. "ಎಲ್ಲಿ ಹೋಗಿದ್ದೆ?" ಎಂದು ಕೇಳಿದೆ.

ಲೆಕ್ಕ ಬಲ್ಲವಳಲ್ಲವೇ ನಾನು! ಶಾಲೆಯಿಂದ ನೇರವಾಗಿ ಬಂದಿದ್ದರೆ ಬ್ಯಾಟರಿ ಮನೆ ಮುಟ್ಟಿಸಬೇಕಿತ್ತು. ಮುಟ್ಟಿಸಿಲ್ಲ ಎಂದರೆ ಬೇರೆಲ್ಲಿಗೋ ಹೋಗಿದ್ದಾಳೆ.

ಅವಳು ಕೈ ಕಾಲು ತೊಳೆದುಕೊಂಡು ಬಂದು ನಿಧಾನವಾಗಿ ಹೇಳಿದಳು, "ಕೆರೆ ದಂಡೆಗೆ ಹೋಗಿದ್ದೆ ಅತ್ತೆ. ಅರ್ಧ ಗಂಟೆ ಕೂತಿದ್ದೆ."

"ಯಾಕೆ?"

"ಸುಮ್ಮನೆ."

ದಾರಿಯಿಂದ ಒಳಗೆ ಒಂದೂವರೆ ಕಿಲೋಮೀಟರಿಗೆ ಒಂದು ಕೆರೆ ಇದೆ. ಹೋಗಿ ಬಂದರೆ ಮೂರು. ನಾನು ಉಳಿಸಿಕೊಟ್ಟ ನಾಲ್ಕು ಕಿಲೋಮೀಟರಿನ ಒಳಗೇ ಇತ್ತು. ಹಾಗಾದರೆ ಲೆಕ್ಕ ಎಲ್ಲಿ ತಪ್ಪಿತು? ಮರುದಿನ ಮಗ ಬಂದು ಪರೀಕ್ಷೆ ಮಾಡಿದ. ಬ್ಯಾಟರಿಯ ಸಾಮರ್ಥ್ಯ ಐದರಲ್ಲಿ ಒಂದು ಪಾಲು ಇಳಿದಿತ್ತು. 270 ಇದ್ದದ್ದು 216ಕ್ಕೆ ಬಂದಿತ್ತು. ಹನ್ನೆರಡರಿಂದ ಭಾಗಿಸಿದರೆ ಸರಿಯಾಗಿ ಹದಿನೆಂಟು. ಶಾಲೆಗೆ ಹೋಗು, ಮನೆಗೆ ಬಾ. ಅದರ ಮೇಲೆ ಒಂದು ಹೆಜ್ಜೆಯೂ ಇಲ್ಲ. ಯಾವಾಗಲೂ ತಳ ಕಾಣುವವರೆಗೆ ಬಳಸಿದ ಬ್ಯಾಟರಿ ಬೇಗ ಮುಪ್ಪಾಗುತ್ತದಂತೆ. ಸ್ವಲ್ಪ ಉಳಿಸಿ ಬಳಸಿದರೆ ಹೆಚ್ಚು ವರ್ಷ ಬಾಳುತ್ತದಂತೆ. ನಾನು ಉಳಿಸಿದ ಎಂಟು ಸಾವಿರ ನಿಜವಾಗಿ ಉಳಿತಾಯವೇ ಆಗಿರಲಿಲ್ಲ.

ಆದರೆ ಹಣದ ಲೆಕ್ಕ ತಪ್ಪಿದ್ದು ನನ್ನನ್ನು ಅಷ್ಟಾಗಿ ಕಾಡಲಿಲ್ಲ. ಕಾಡಿದ್ದು ಆ "ಸುಮ್ಮನೆ" ಎಂಬ ಮಾತು. ಆ ಬೇಸಿಗೆಯ ಕಾಗದದ ಮೇಲೆ ನಾನು ಶಾಲೆ ಬರೆದಿದ್ದೆ, ಮನೆ ಬರೆದಿದ್ದೆ. ಆ ಹುಡುಗಿ ಸುಮ್ಮನೆ ಎಲ್ಲಿಗಾದರೂ ಹೋಗಬಹುದು ಎಂಬುದು ನನ್ನ ಲೆಕ್ಕದಲ್ಲಿ ಇರಲೇ ಇಲ್ಲ.

ಆ ರಾತ್ರಿ ನಿದ್ದೆ ಬರಲಿಲ್ಲ. ನೆನಪಾದದ್ದು ಅದೇ ಸೈಕಲ್ಲು, ಹೊಸದಾಗಿದ್ದಾಗಿನದು. ಹೊಸದಾಗಿ ನೌಕರಿಗೆ ಸೇರಿದ ನನಗೆ ಪಕ್ಕದ ಹಳ್ಳಿಯ ಶಾಲೆ ಸಿಕ್ಕಿತ್ತು. ಸೈಕಲ್ಲಿನಲ್ಲಿ ಅರ್ಧ ಗಂಟೆಯ ದಾರಿ. ನನ್ನ ಅತ್ತೆ ಕೆಟ್ಟವರಲ್ಲ, ನನಗಾಗಿ ಊಟ ಕಾದಿಟ್ಟವರು, ಮಗುವನ್ನು ಸಾಕಿದವರು. ಆದರೆ ಅವರ ಕಣ್ಣು ಗೋಡೆ ಗಡಿಯಾರದ ಮೇಲೆ. ನಾಲ್ಕೂವರೆಗೆ ಶಾಲೆ ಬಿಟ್ಟರೆ ಐದಕ್ಕೆ ಮನೆ. ಐದೂಕಾಲಾದರೆ "ಎಲ್ಲಿ ಹೋಗಿದ್ದೆ?" ದಾರಿಯಲ್ಲಿ ಒಬ್ಬ ಗೆಳತಿಯ ಮನೆ ಇತ್ತು. ಕಿಟಕಿಯಿಂದ ಕೈಬೀಸುತ್ತಿದ್ದಳು. ಎಷ್ಟೋ ವರ್ಷ ನಾನು ಸೈಕಲ್ ಇಳಿಯದೆ ಕೈಬೀಸಿ ಮುಂದೆ ಹೋಗಿದ್ದೇನೆ. ನಾನು ಹಾಗೆ ಆಗಬಾರದು ಎಂದುಕೊಂಡೇ ಸೊಸೆಯನ್ನು ಮನೆ ತುಂಬಿಸಿಕೊಂಡಿದ್ದೆ. ಗಡಿಯಾರ ನೋಡುವುದನ್ನು ನಿಜಕ್ಕೂ ಬಿಟ್ಟಿದ್ದೆ. ಅದರ ಬದಲು ಅವಳ ದಾರಿಯನ್ನೇ ಬ್ಯಾಟರಿಯಲ್ಲಿ ಅಳೆದು ಕೊಟ್ಟಿದ್ದೆ.

ನಮ್ಮ ಭಾಷೆಯಲ್ಲಿ 'ಸಾಕು' ಎನ್ನುವ ಮಾತಿಗೆ ಎರಡು ಅರ್ಥ. ಒಂದು, ಇಷ್ಟಾದರೆ ತೃಪ್ತಿ ಎಂಬುದು. ಇನ್ನೊಂದು, ಸಾಕಿ ಸಲಹುವುದು. ತರಗತಿಯಲ್ಲಿ ಈ ಎರಡು ಅರ್ಥಕ್ಕೆ ವಾಕ್ಯ ಮಾಡಿಸುತ್ತಾ ಬಂದವಳು ನಾನು. ಆದರೆ ಬಾಳಿನಲ್ಲಿ ಇವೆರಡನ್ನೂ ನಾವು ಹೇಗೆ ಕಲಸಿಬಿಡುತ್ತೇವೆ ಎಂದು ಯೋಚಿಸಿರಲಿಲ್ಲ. ಸಾಕುವವರಿಗೆ ಸಾಕು ಅನ್ನುವ ಹಕ್ಕೂ ಇದೆ ಎಂದುಕೊಳ್ಳುತ್ತೇವೆ. ನನಗೆ ಎರಡು ಸೀರೆ ಸಾಕು ಎಂದು ನಾನು ಹೇಳಿದರೆ ಅದು ಸಂಯಮ. ನಿನಗೆ ಎರಡು ಸೀರೆ ಸಾಕು ಎಂದು ಇನ್ನೊಬ್ಬಳಿಗೆ ಹೇಳಿದರೆ ಅದು ಅಪ್ಪಣೆ. ಮಾತು ಒಂದೇ. ಆಡುವ ಬಾಯಿ ಬದಲಾದರೆ ಗುಣವೂ ಬದಲಾಗುತ್ತದೆ. ಹುಡುಗಿಗೆ ಎಸ್ಸೆಸ್ಸೆಲ್ಸಿ ಸಾಕು, ವಿಧವೆಗೆ ಇಷ್ಟು ಊಟ ಸಾಕು, ವಯಸ್ಸಾದವರಿಗೆ ಮೂಲೆಯ ಕೋಣೆ ಸಾಕು, ಹೀಗೆ ಎಷ್ಟು 'ಸಾಕು'ಗಳನ್ನು ನಾವು ಕೇಳಿಲ್ಲ! ಹಾಸಿಗೆ ಇದ್ದಷ್ಟು ಕಾಲು ಚಾಚು ಎನ್ನುವ ಗಾದೆ ಸುಳ್ಳಲ್ಲ. ಆದರೆ ಹಾಸಿಗೆಯನ್ನು ಚಿಕ್ಕದಾಗಿ ಹಾಸಿದವರು ಯಾರು ಎಂದು ಗಾದೆ ಕೇಳುವುದಿಲ್ಲ.

2006-07ರಲ್ಲಿ ನಮ್ಮ ಸರಕಾರ ಎಂಟನೆಯ ತರಗತಿಯ ಮಕ್ಕಳಿಗೆ ಸೈಕಲ್ ಕೊಡುವ ಯೋಜನೆ ತಂದಾಗ ನಾನು ಹಳ್ಳಿ ಶಾಲೆಯಲ್ಲಿದ್ದೆ. ಹುಡುಗಿಯರು ಸಾಲಾಗಿ ಸೈಕಲ್ಲಿನಲ್ಲಿ ಬರುವುದು ನೋಡಲು ಹಬ್ಬದ ಹಾಗಿತ್ತು. ಆದರೆ ಭಾನುವಾರ ಅದೇ ಸೈಕಲ್ಲಿನ ಮೇಲೆ ಅಣ್ಣಂದಿರು ಕಾಣುತ್ತಿದ್ದರು. "ಅವಳಿಗೆ ಶಾಲೆಗೆ ಮಾತ್ರ ಸಾಕು ಟೀಚರ್" ಎಂದು ಒಬ್ಬ ತಾಯಿ ನನಗೆ ಹೇಳಿದ್ದಳು. ಆಗ ನಾನು ಆ ತಾಯಿಗೆ ಉಪದೇಶ ಮಾಡಿ ಬಂದಿದ್ದೆ. ನೆನೆಸಿಕೊಂಡರೆ ಈಗ ನಗು ಬರುತ್ತದೆ.

ಹಾಗೆಂದು ಎಲ್ಲರಿಗೂ ಎಲ್ಲವೂ ಬೇಕಾದಷ್ಟು ಇರಲಿ ಎನ್ನುವುದೂ ಸರಿಯಲ್ಲ. ಇನ್ನೂ ಇರಲಿ, ಇನ್ನೂ ಇರಲಿ ಎಂದು ಬ್ಯಾಟರಿ ಬೆಳೆಸುತ್ತಾ ಹೋದರೆ ಅದರ ಬೆಲೆಯನ್ನು ನಾವು ಮಾತ್ರ ತೆರುವುದಿಲ್ಲ. ಇಂಥ ಅನೇಕ ಸೆಲ್ಲುಗಳಲ್ಲಿ ಬಳಸುವ ಕೋಬಾಲ್ಟ್ ಲೋಹದ ಬಹುಪಾಲು ಆಫ್ರಿಕದ ಕಾಂಗೋದ ಗಣಿಗಳಿಂದ ಬರುತ್ತದೆ. ಅಲ್ಲಿ ಮಕ್ಕಳೂ ದುಡಿದಿದ್ದಾರೆ. ದಕ್ಷಿಣ ಅಮೆರಿಕದ ಚಿಲಿ ದೇಶದಲ್ಲಿ, ಮಳೆಯೇ ಅಪರೂಪವಾದ ಮರುಭೂಮಿಯಲ್ಲಿ, ನೆಲದಡಿಯ ಉಪ್ಪುನೀರನ್ನು ಮೇಲೆತ್ತಿ ಬಿಸಿಲಿಗೆ ಒಣಗಿಸಿ ಲಿಥಿಯಂ ತೆಗೆಯುತ್ತಾರೆ. ಅಗ್ಗಕ್ಕೆ ಹೆಚ್ಚು ಬೇಕು ಎಂದು ಕಳಪೆ ಸೆಲ್ಲು ಕೊಂಡರೆ ಮನೆಗೇ ಅಪಾಯ. 2022ರಲ್ಲಿ ನಮ್ಮ ದೇಶದ ಹಲವು ಕಡೆ ಎಲೆಕ್ಟ್ರಿಕ್ ಸ್ಕೂಟರುಗಳಿಗೆ ಬೆಂಕಿ ಹತ್ತಿ ಪ್ರಾಣಹಾನಿಯೂ ಆಯಿತು. ಆಮೇಲೆ ಕೇಂದ್ರ ಸರಕಾರ ಬ್ಯಾಟರಿ ಪರೀಕ್ಷೆಯ ನಿಯಮಗಳನ್ನು ಬಿಗಿ ಮಾಡಿತು. ಆದ್ದರಿಂದ ಮಿತಿ ಬೇಕೇ ಬೇಕು. ಆ ಮಿತಿಯನ್ನು ಹೇಳುವಾಗ ಅದರಲ್ಲಿ ಬದುಕಬೇಕಾದವಳ ಬಾಯಿಗೂ ಜಾಗ ಇರಬೇಕು, ಅಷ್ಟೆ.

ಒಂದು ತಮಾಷೆಯನ್ನು ಮಗ ಹೇಳಿದ. ಲಿಥಿಯಂ ಬ್ಯಾಟರಿ ರೂಪಿಸಿದ್ದಕ್ಕಾಗಿ 2019ರಲ್ಲಿ ಮೂವರಿಗೆ ರಸಾಯನಶಾಸ್ತ್ರದ ನೊಬೆಲ್ ಬಹುಮಾನ ಬಂತು. ಅವರಲ್ಲಿ ಹಿರಿಯರು, ಆಗ ತೊಂಬತ್ತೇಳು ವರ್ಷದವರು, ಅಮೆರಿಕದ ಜಾನ್ ಗುಡ್‌ಇನಫ್. ಅವರ ಹೆಸರಿನ ಅರ್ಥವೇ 'ಇಷ್ಟು ಒಳ್ಳೆಯದಿದ್ದರೆ ಸಾಕು' ಎಂದು! ನೂರು ವರ್ಷ ತುಂಬಿದ ಮೇಲೆ 2023ರಲ್ಲಿ ತೀರಿಕೊಂಡರು. ಹೆಸರಿನಲ್ಲೇ 'ಸಾಕು' ಇದ್ದವರು ತೊಂಬತ್ತು ದಾಟಿದರೂ ಸಾಕು ಎನ್ನದೆ ಸಂಶೋಧನೆ ಮಾಡುತ್ತಿದ್ದರಂತೆ.

ದಸರಾ ರಜೆಯಲ್ಲಿ ನಾವು ಮೂವರೂ ಮತ್ತೆ ಕಾಗದ ಹಿಡಿದು ಕೂತೆವು. ಈ ಸಲ ಹುರುಳಿಕಾಯಿ ಬಿಡಿಸಿದವಳು ನಾನು. ಪೆನ್ನು ಸೊಸೆಯ ಕೈಯಲ್ಲಿತ್ತು. "ನಿನಗೆ ಏನು ಬೇಕು ಬರಿ" ಎಂದೆ. ಸ್ವಲ್ಪ ಹೊತ್ತು ಅವಳು ಏನೂ ಬರೆಯಲಿಲ್ಲ. ಅಷ್ಟು ದಿನ ಯಾರೂ ಕೇಳದ ಪ್ರಶ್ನೆಗೆ ಉತ್ತರ ತಟ್ಟನೆ ಹೊಳೆಯುವುದಿಲ್ಲ. ಆಮೇಲೆ ಬರೆದಳು. ವೇಗ ಬೇಡ, ಇಪ್ಪತ್ತು ಇದ್ದರೂ ಆದೀತು. ನಿಧಾನ ಹೋದರೆ ದೂರ ಸಿಗುತ್ತದಲ್ಲ. ದೂರ ಬೇಕು. ನಡುದಾರಿಯಲ್ಲಿ ನಿಲ್ಲಬಾರದು. ಮನೆಯೊಳಗೆ ಚಾರ್ಜು ಮಾಡುವಾಗ ಭಯ ಇರಬಾರದು. ಭಾರ ಸ್ವಲ್ಪ ಹೆಚ್ಚಾದರೂ ಚಿಂತೆಯಿಲ್ಲ. ಅರ್ಧ ಹಣ ನನ್ನ ಸಂಬಳದಿಂದ.

ಮಗ ಅವಳ ಪಟ್ಟಿ ನೋಡಿ ಬೇರೆ ಬಗೆಯ ಬ್ಯಾಟರಿ ಸೂಚಿಸಿದ. ಲಿಥಿಯಂ ಐರನ್ ಫಾಸ್ಫೇಟ್ ಎಂದು ಹೆಸರು. ಅದರಲ್ಲಿ ಕೋಬಾಲ್ಟ್ ಇಲ್ಲ. ಬೇಗ ಬಿಸಿಯೇರಿ ಕೆರಳುವ ಸ್ವಭಾವ ಕಡಿಮೆ, ಬಾಳಿಕೆ ಹೆಚ್ಚು. ಅಷ್ಟೇ ಶಕ್ತಿಗೆ ತೂಕ ಮಾತ್ರ ಜಾಸ್ತಿ. ಒಂದೊಂದು ಸೆಲ್ಲು 3.2 ವೋಲ್ಟು. ಹನ್ನೆರಡನ್ನು ಸಾಲಾಗಿ ಜೋಡಿಸಿದರೆ 38.4 ವೋಲ್ಟು. 12 ಆಂಪಿಯರ್-ಗಂಟೆಯದಕ್ಕೆ ಒಟ್ಟು 460 ವಾಟ್-ಗಂಟೆ. ಚಾರ್ಜರನ್ನೂ ಅದಕ್ಕೆ ತಕ್ಕದ್ದನ್ನೇ ತರಬೇಕಾಯಿತು. ಹಳೆಯದನ್ನೂ ಹೊಸದರ ಜೊತೆ ಕಟ್ಟಿದರೆ ಇನ್ನೂ ದೂರ ಬರುವುದಿಲ್ಲವೇ ಎಂದು ನನ್ನ ಮಿತವ್ಯಯದ ಬುದ್ಧಿ ಕೇಳಿತು. ಸವೆದದ್ದನ್ನೂ ಹೊಸದನ್ನೂ ಒಂದೇ ನೊಗಕ್ಕೆ ಕಟ್ಟಬಾರದು, ಅಪಾಯ ಎಂದ. ಹಳೆಯದನ್ನು ಕಸಕ್ಕೆ ಎಸೆಯದೆ ಕೊಂಡ ಅಂಗಡಿಗೇ ಮರಳಿಸಿದೆವು.

ಭಾಗಾಕಾರ ಮಾಡಿದರೆ ಈಗ ಮೂವತ್ತೆಂಟು ಕಿಲೋಮೀಟರು. ಶಾಲೆಗೆ ಹದಿನೆಂಟು ಕಳೆದರೆ ಇಪ್ಪತ್ತು ಉಳಿಯುತ್ತದೆ. ಅದು ಯಾತಕ್ಕೆ ಎಂದು ನಾವು ಯಾರೂ ಕಾಗದದ ಮೇಲೆ ಬರೆಯಲಿಲ್ಲ.

ನಾನು ಪೂರ್ತಿ ಬದಲಾಗಿಬಿಟ್ಟೆ ಎಂದು ಹೇಳಿದರೆ ನೀವು ನಂಬಬೇಡಿ. ಅವಳು ತಡವಾಗಿ ಬಂದ ದಿನ ಈಗಲೂ ನಾಲಿಗೆಯ ತುದಿಗೆ ಆ ಹಳೆಯ ಪ್ರಶ್ನೆ ಬರುತ್ತದೆ. ಕಷ್ಟಪಟ್ಟು ನುಂಗಿಕೊಳ್ಳುತ್ತೇನೆ. ಕೆಲವು ದಿನ ಅದರ ಬದಲು "ಚಾರ್ಜು ಎಷ್ಟು ಉಳಿದಿದೆಯೇ?" ಎಂದು ಕೇಳುತ್ತಿದ್ದೆ. ಕಾಳಜಿಯ ಪ್ರಶ್ನೆ, ತಪ್ಪೇನೂ ಇಲ್ಲ ಎಂದುಕೊಂಡಿದ್ದೆ. ಒಂದು ದಿನ ಒಲೆಯ ಮುಂದೆ ನಿಂತಿದ್ದಾಗ ತಟ್ಟನೆ ಹೊಳೆಯಿತು. ಇದ್ದದ್ದರಲ್ಲಿ ಉಳಿದದ್ದನ್ನು ಕಳೆದರೆ ಎಷ್ಟು ದೂರ ಹೋಗಿದ್ದಾಳೆ ಎಂಬುದು ಸಿಗುತ್ತದೆ!

ಈಗ ಅದನ್ನೂ ಕೇಳುವುದಿಲ್ಲ. ಅವಳು ಸೈಕಲ್ ನಿಲ್ಲಿಸಿ ಒಳಗೆ ಬಂದರೆ ಕಾಫಿ ಕೊಡುತ್ತೇನೆ. ಒಂದೊಂದು ದಿನ ಅವಳೇ ಹೇಳುತ್ತಾಳೆ, "ಕೆರೆ ತುಂಬಿದೆ ಅತ್ತೆ" ಎಂದು.